ಹಿರಿಯ ಅವಿಭಾಜ್ಯ ಸಂಖ್ಯೆಯ ಹಿರಿಮೆ ಯಾವುದು?

ಬಾಗಲಕೋಟೆ ಜಿಲ್ಲೆಯ ಮರೋಳದ ಹೊಲವೊಂದರಲ್ಲಿ 91 ದಾಳಿಂಬೆ ಸಸಿಗಳನ್ನು ಸಮಸಾಲುಗಳಲ್ಲಿ ನೆಡಬೇಕಾಗಿದೆ ಎಂದು ಭಾವಿಸೋಣ. ಸಾಲಿಗೆ 13ರಂತೆ 7 ಸಾಲುಗಳಾಗುವುವು. ಸಸಿಗಳು 97 ಇದ್ದರೆ? ಒಂದೇ ಉದ್ದ ಸಾಲಿನ ಹೊರತು ಬೇರೆ ಉಪಾಯವಿಲ್ಲ. 1ರಿಂದಲೂ ತನ್ನಿಂದಲೂ ಹೊರತು ಮತ್ತಾವ ಪೂರ್ಣ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಇಂತಹ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ.

2024ರ ಅಕ್ಟೋಬರಿನಲ್ಲಿ ಅಮೆರಿಕದ ಲೂಕ್ ಡ್ಯೂರಂಟ್ ಎಂಬವರು ಅದುವರೆಗೆ ತಿಳಿದಿದ್ದವುಗಳೆಲ್ಲಕ್ಕಿಂತ ದೊಡ್ಡದಾದ ಅವಿಭಾಜ್ಯವೊಂದನ್ನು ಕಂಡುಹಿಡಿದರು. 2ರ 13,62,79,841ನೆಯ ಘಾತದಿಂದ 1ನ್ನು ಕಳೆದರೆ ಅದು ದೊರೆಯುವುದು. ಅದರಲ್ಲಿ 4,10,24,320 ಅಂಕಿಗಳಿವೆ. ಕೇಳಿದವರೆಲ್ಲರೂ ಅದರ ಉದ್ದಕ್ಕೆ ಬೆರಗಾದರು. ಈ ಬೆರಗು ಸಲ್ಲಬೇಕಾದ ಕಡೆ ಸಲ್ಲಲಿಲ್ಲವೆಂದು ನಾವು ಭಾವಿಸುತ್ತೇವೆ. ಆ ಸಂಖ್ಯೆಯ ಕೊನೆಯಲ್ಲಿ ಒಂದು ಸೊನ್ನೆಯನ್ನು ಬರೆದರೆ ಇನ್ನೂ ಉದ್ದವಾದ ಸಂಖ್ಯೆ ಸಿದ್ಧವಾಗುವುದು, ಅದರಲ್ಲಿ ಹಿರಿಮೆಯೇನು? ಅವಿಭಾಜ್ಯಗಳಿಗೆ ಕೊನೆಯೇ ಇಲ್ಲವೆಂಬುದನ್ನು ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದಾನೆ.

ಹಿರಿಮೆಯಿರುವುದು ಸಾಧನೆಯ ಕ್ರಮದಲ್ಲಿ. ಫ್ರಾನ್ಸಿನ ಲೂಕಾ ಹಾಗೂ ಅಮೆರಿಕದ ಲೆಹ್ಮರ್ ರೂಪಿಸಿದ ಪರೀಕ್ಷೆಯನ್ನು ಚಿಕ್ಕ ಸಂಖ್ಯೆಯೊಂದರಲ್ಲಿ ನೋಡೋಣ. 2ರ 5ನೆಯ ಘಾತದಿಂದ 1ನ್ನು ಕಳೆದರೆ 31. ಮೊದಲು 4ನ್ನು ಬರೆಯಿರಿ. ಅದರ ವರ್ಗದಿಂದ 2ನ್ನು ಕಳೆಯಿರಿ: 14. ಮತ್ತೆ ಹಾಗೆಯೇ ಮಾಡಿದರೆ 194. ಇದನ್ನು 31ರಿಂದ ಭಾಗಿಸಿದರೆ ಶೇಷ 8. ಮೂರನೆಯ ಸಲ 62, ಶೇಷ ಸೊನ್ನೆ. ಆದುದರಿಂದ 31 ಅವಿಭಾಜ್ಯ. ಘಾತವು 2ಕ್ಕಿಂತ ದೊಡ್ಡದಾದ ಅವಿಭಾಜ್ಯವಾಗಿರಬೇಕು. ಘಾತಕ್ಕಿಂತ ಎರಡು ಕಡಿಮೆ ಸಲ ಈ ಕ್ರಿಯೆಯನ್ನು ನಡೆಸಬೇಕು. 2ರ 11ನೆಯ ಘಾತದಿಂದ ಬರುವ 2047ಕ್ಕೆ ಒಂಬತ್ತು ಸಲ ನಡೆಸಿದರೆ ಕೊನೆಯ ಶೇಷ 1736. ಸೊನ್ನೆಯಲ್ಲದ ಕಾರಣ ಅದು ಅವಿಭಾಜ್ಯವಲ್ಲ. ಅದು 23 ಮತ್ತು 89ರ ಗುಣಲಬ್ಧ. 2024ರ ಮಹಾಸಂಖ್ಯೆಯನ್ನು ದೃಢಪಡಿಸಿದುದೂ ಇದೇ ಪರೀಕ್ಷೆಯೇ.

ಇದರಿಂದ ಪ್ರಯೋಜನವೇನೆಂದು ಕೆಲವರು ಕೇಳುವರು. ಬ್ಯಾಂಕಿನ ವ್ಯವಹಾರಗಳನ್ನು ಗುಪ್ತವಾಗಿರಿಸಲು ಕೆಲವು ನೂರು ಅಂಕಿಗಳ ಅವಿಭಾಜ್ಯಗಳೇ ಸಾಕು. ನಾಲ್ಕು ಕೋಟಿ ಅಂಕಿಗಳದು ಅಲ್ಲಿಗೆ ಬೇಕಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. ಜ್ಞಾನದ ಬೆಲೆಯನ್ನು ಕೇವಲ ಬಳಕೆಯಿಂದ ಅಳೆಯುವುದಾದರೆ ಮಂಡ್ಯದಲ್ಲಿ 1933ರಲ್ಲಿ ಜನಿಸಿದ ಕೆ. ರಾಮಚಂದ್ರರ ಬಾಳಿಗೆ ಅರ್ಥವೇ ಇರದು. ಬೆಂಗಳೂರಿನ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದಾಗಲೂ ಅವರು ಬಿಡುವಿನಲ್ಲಿ ಸಂಖ್ಯಾಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಗಳನ್ನು ಕುರಿತು 1969ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ನಮ್ಮ ಶಾಲೆಗಳಲ್ಲಿ ಸೂತ್ರವನ್ನು ಕಂಠಪಾಠ ಮಾಡಿಸುವಷ್ಟು ಶ್ರದ್ಧೆಯಿಂದ "ಇದು ಏಕೆ ನಿಜ?" ಎಂಬ ಪ್ರಶ್ನೆಯನ್ನು ಕೇಳಿಸುತ್ತಿಲ್ಲ. ಮಹಾಸಂಖ್ಯೆಗೆ ದೊಡ್ಡ ಯಂತ್ರಗಳು ಬೇಕಾದವು, ನಿಜ. ಆದರೆ 127ಕ್ಕೆ ಒಂದು ಸೀಸದ ಕಡ್ಡಿ ಸಾಕು. ಮರೋಳದ ವಿದ್ಯಾರ್ಥಿಯೂ ಅದನ್ನು ಈ ಸಂಜೆಯೇ ಪರೀಕ್ಷಿಸಬಲ್ಲನು. ಪರೀಕ್ಷಿಸಲಿ, ಶೇಷವು ಸೊನ್ನೆಯಾದಾಗ ಆಗುವ ಆನಂದವು ಯಾವ ಯಂತ್ರದ ಪಾಲಿಗೂ ಇಲ್ಲ.