ವಾಕರ್ ಅಂದರೆ ನಡೆಯುವವನಲ್ಲ

ಜಾನಿ ವಾಕರ್ ಬಾಟಲಿಯ ಮೇಲೆ ಟೋಪಿ ಹಾಕಿಕೊಂಡು, ಕೋಲು ಹಿಡಿದು ದಾಪುಗಾಲು ಹಾಕುವ ಮನುಷ್ಯನನ್ನು ಕುಡಿಯದವರೂ ನೋಡಿರುತ್ತಾರೆ. ವಾಕರ್ ಅಂದರೆ ನಡೆಯುವವನು, ಅದಕ್ಕೇ ಆ ಚಿತ್ರ ಅಂದುಕೊಂಡಿದ್ದೆ. ಚಿತ್ರ ಬಂದದ್ದು 1908ರಲ್ಲಿ. ಅಡ್ಡಹೆಸರು ಅದಕ್ಕಿಂತ ನೂರಾರು ವರ್ಷ ಹಳೆಯದು. ಆ ಹೆಸರಿನವರು ಕಾಲು ಸವೆಸಿದ್ದು ನಿಜ, ಆದರೆ ರಸ್ತೆಯಲ್ಲಲ್ಲ. ಉಚ್ಚೆಯ ತೊಟ್ಟಿಯಲ್ಲಿ.

ಹಳೆಯ ಇಂಗ್ಲೆಂಡಿನಲ್ಲಿ ಕುರಿ ಉಣ್ಣೆಯೇ ದೊಡ್ಡ ವ್ಯಾಪಾರ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಜಾಳುಜಾಳಾಗಿ, ಜಿಡ್ಡಾಗಿ ಇರುತ್ತದೆ. ಅದನ್ನು ತೊಟ್ಟಿಗೆ ಹಾಕಿ, ನೀರು, ಹಳಸಿದ ಉಚ್ಚೆ, ಒಂದು ಬಗೆಯ ಜೇಡಿಮಣ್ಣು ಬಳಸಿ ಗಂಟೆಗಟ್ಟಲೆ ತುಳಿಯಬೇಕಿತ್ತು. ಹಳಸಿದ ಉಚ್ಚೆಯ ಅಮೋನಿಯಾ ಜಿಡ್ಡು ಬಿಡಿಸುತ್ತದೆ. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. (ನಮ್ಮಲ್ಲಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರಲ್ಲ, ವಾಸನೆಯ ಲೆಕ್ಕದಲ್ಲಿ ನಾವೇ ಪುಣ್ಯವಂತರು.) ಹೀಗೆ ತುಳಿಯುವವನನ್ನು ಉತ್ತರದ ಕಡೆ ವಾಕರ್ ಎಂದರು, ಆಗ್ನೇಯದಲ್ಲಿ ಫುಲ್ಲರ್, ನೈರುತ್ಯದ ಡೆವನ್ ಕಡೆ ಟಕ್ಕರ್. ಹೆಸರು ಮೂರು, ಕೆಲಸ ಒಂದೇ.

12ನೇ ಶತಮಾನದ ಕೊನೆಯಿಂದ ನೀರಿನ ಗಿರಣಿಗಳು ಬಂದವು, ಕಾಲಿನ ಕೆಲಸವನ್ನು ಮರದ ಕೊಡತಿಗಳು ಮಾಡತೊಡಗಿದವು. ಕೆಲಸ ಹೋಯಿತು, ಹೆಸರು ಉಳಿಯಿತು. ಅಂಥ ಕಸುಬಿನ ಹೆಸರುಗಳು ಅಲ್ಲಿ ಎಷ್ಟೋ. 1381ರಲ್ಲಿ ತಲೆಗಂದಾಯದ ವಿರುದ್ಧ ದಂಗೆಯೆದ್ದ ರೈತರ ನಾಯಕ ವಾಟ್ ಟೈಲರ್, ಅಂದರೆ ಹೆಂಚು ಹೊದಿಸುವವನು.

ನನಗೆ ಮುಖ್ಯ ಅನಿಸುವುದು ಮುಂದಿನ ಮಾತು. 1827ರಲ್ಲಿ ಗೀರಿದರೆ ಹೊತ್ತುವ ಬೆಂಕಿಕಡ್ಡಿ ಮಾಡಿ ಮಾರಿದವನು ಜಾನ್ ವಾಕರ್ ಎಂಬ ಔಷಧಿ ಅಂಗಡಿಯವನು. ವಿಸ್ಕಿಯ ಜಾನ್ ವಾಕರ್ ಬೇರೆ, ಅವನು ಸ್ಕಾಟ್ಲೆಂಡಿನ ಕಿರಾಣಿ ವ್ಯಾಪಾರಿ. ಇಬ್ಬರೂ ಬಟ್ಟೆ ತುಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಮೇಲುಕೀಳು ಇರಲಿಲ್ಲ ಎನ್ನುತ್ತಿಲ್ಲ, ಚೆನ್ನಾಗಿಯೇ ಇತ್ತು. ಆದರೆ ವಾಕರನ ಮಗ ತುಳಿಯಲೇಬೇಕು, ವಾಕರರ ಮನೆಯಿಂದಲೇ ಹೆಣ್ಣು ತರಬೇಕು ಎಂಬ ಕಟ್ಟಳೆ ಇರಲಿಲ್ಲ. ಹಾಗಾಗಿ ಹೆಸರಿನ ವಾಸನೆ ತಾನಾಗಿಯೇ ಹೋಯಿತು. ಇವತ್ತು ವಾಕರ್ ಅಲ್ಲಿ ತೀರ ಸಾಮಾನ್ಯ ಹೆಸರು.

ಉತ್ತರ ಕರ್ನಾಟಕದಲ್ಲಿ ನಮಗೂ ಕಂಬಾರ, ಬಡಿಗೇರ, ಕುಂಬಾರ, ಹೂಗಾರ ಇದ್ದಾರೆ. ನನ್ನ ಜೊತೆ ಓದಿದ ಒಬ್ಬ ಬೆಂಗಳೂರಿಗೆ ಹೋದಮೇಲೆ ಅಂಥದೊಂದು ಅಡ್ಡಹೆಸರು ತೆಗೆದು ಅಪ್ಪನ ಹೆಸರಿನ ಮೊದಲಕ್ಷರ ಇಟ್ಟುಕೊಂಡ. ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿದವರ ಮುಂದಿನ ಪ್ರಶ್ನೆ "ನೀವು ಯಾವ ಪೈಕಿ?" ಅಂತಲೇ ಇರುತ್ತಿತ್ತಂತೆ. ಅಡ್ಡಹೆಸರು ಬಿಟ್ಟುಬಿಡಿ, ಜಾತಿ ಹೋಗುತ್ತದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಲುಮೆ, ತಿಗರಿ, ಉಳಿಯ ನೆನಪು ಉಳಿದಿರುವುದೇ ಆ ಹೆಸರುಗಳಲ್ಲಿ. ಬಿಡಬೇಕಾದ್ದು ಹೆಸರನ್ನಲ್ಲ, ಹೆಸರು ಕೇಳಿದ ಕೂಡಲೇ ಬಾಯಿಗೆ ಬರುವ ಆ ಎರಡನೇ ಪ್ರಶ್ನೆಯನ್ನು.

ಅವನಿಗೆ ಇದನ್ನೇ ಹೇಳಿದೆ. "ಬಾಡಿಗೆ ಮನೆ ನೀನು ಕೊಡಿಸ್ತೀಯೇನಪ್ಪಾ?" ಅಂದ. ಉತ್ತರ ತೋಚಲಿಲ್ಲ. ನನ್ನ ಫೋನಿನಲ್ಲಿ ಮಾತ್ರ ಅವನ ಹೆಸರು ಇನ್ನೂ ಮೊದಲಿನಂತೆ ಪೂರ್ತಿಯಾಗಿಯೇ ಇದೆ.