ಮದುವೆಯ ಫೋಟೋ ಯಾರ ಕೈಯಲ್ಲಿ?

ಕಳೆದ ವರ್ಷ ನನ್ನ ತಂಗಿಯ ಮಗಳ ಮದುವೆಯಾಯಿತು. ಹದಿನೈದು ದಿನ ಕಳೆದಿರಲಿಲ್ಲ, ಅವಳ ಗೆಳತಿಯೊಬ್ಬಳು ಅಳುತ್ತಾ ಫೋನ್ ಮಾಡಿದಳು. ಹೆಂಗಸರ ವಿಭಾಗದಲ್ಲಿ ತೆಗೆದ ಅವಳ ಫೋಟೋ ಸ್ಟುಡಿಯೋದವರ ಇನ್‌ಸ್ಟಾಗ್ರಾಮ್ ಪುಟದಲ್ಲಿತ್ತು. ಕೇಳಿದರೆ, "ಬೇಡವೆಂದು ನೀವು ಮೊದಲೇ ಹೇಳಲಿಲ್ಲವಲ್ಲ" ಎಂಬ ಉತ್ತರ. ಕೊನೆಗೆ ಅಳಿಸಿದರು. ಅಷ್ಟರಲ್ಲಿ ಎಷ್ಟು ಮಂದಿ ನೋಡಿದ್ದರೋ! ದರ, ಆಲ್ಬಂನ ಪುಟ, ವೀಡಿಯೋ ಎಲ್ಲವನ್ನೂ ವಿಚಾರಿಸಿದ್ದ ನಾವು ಇದೊಂದನ್ನು ಕೇಳಿರಲಿಲ್ಲ.

ಸಹೋದರಿಯರೇ, ಮುಂಗಡ ಕೊಡುವ ಮುನ್ನವೇ ಕೆಲವು ಮಾತು ಇತ್ಯರ್ಥವಾಗಲಿ. ಹೆಂಗಸರ ಕಡೆಗೆ ಮಹಿಳಾ ಫೋಟೋಗ್ರಾಫರ್ ಬರುತ್ತಾರೆಯೇ? ಜೊತೆಗೆ ಲೈಟ್ ಹಿಡಿಯಲು ಬರುವವರು ಯಾರು? ಆಲ್ಬಂ ಜೋಡಿಸುವವರು ಯಾರು? ಕ್ಯಾಮೆರಾ ಹಿಡಿದವಳು ಹೆಣ್ಣಾದರೂ ಕಂಪ್ಯೂಟರ್ ಮುಂದೆ ಕುಳಿತವರು ಬೇರೆಯವರಿರಬಹುದು. ಇನ್ನೊಂದು ಗುರುತು ನೆನಪಿಡಿ: ಬೇರೆ ಮನೆಯ ಹೆಂಗಸರ ಫೋಟೋಗಳನ್ನು ನಿಮಗೆ ಸಲೀಸಾಗಿ ತೋರಿಸುವವರು ನಾಳೆ ನಿಮ್ಮದನ್ನೂ ಇನ್ನೊಬ್ಬರಿಗೆ ತೋರಿಸುತ್ತಾರೆ.

ಕಾನೂನೂ ನಮ್ಮ ಪರವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ. ಆದ್ದರಿಂದ ರಶೀದಿಯಲ್ಲಿನ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಬೇಡಿ. "ಅನುಮತಿಯಿಲ್ಲದೆ ಎಲ್ಲಿಯೂ ಹಾಕುವುದಿಲ್ಲ, ಆಲ್ಬಂ ಒಪ್ಪಿಸಿದ ಮೇಲೆ ಪ್ರತಿಗಳನ್ನು ಅಳಿಸುತ್ತೇವೆ" ಎಂದು ಬರೆಸಿಕೊಳ್ಳಿ. ಆಲ್ಬಂ ಕೊಡುವ ದಿನಾಂಕವೂ ಅದರಲ್ಲಿರಲಿ. ಬಾಕಿ ಹಣವನ್ನು ಅಂದೇ ಕೊಡಿ.

ಚೆಂದದ ಫೋಟೋ ತೆಗೆಯುವವರು ಬಹಳ ಮಂದಿ ಸಿಗುತ್ತಾರೆ. ನಮ್ಮನ್ನು ನಂಬಿ ಮದುವೆಗೆ ಬಂದ ಹೆಣ್ಣುಮಕ್ಕಳ ಮಾನ ನಮ್ಮ ಬಳಿಯಿರುವ ಅಮಾನತ್. ಅದನ್ನು ಕಾಯುವವರನ್ನೇ ಹುಡುಕೋಣ.