ಬಾವಿಯ ಮೈಲಿಗೆ ಯಾರದು?

ನಮ್ಮ ಅಜ್ಜಿಯರು ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ಹೊತ್ತುಗಟ್ಟಲೆ ಕಾಯ್ದರು. 'ಯವ್ವಾ, ಒಂದ್ ಕೊಡ ನೀರು ಎತ್ತಿ ಹಾಕ್ರಿ' ಎಂದು ಬೇಡಿದರು. ಅವರ ನೆರಳು ಬಿದ್ದರೆ ನೀರು ಕೆಡುತ್ತಿತ್ತಂತೆ! 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗ ಮಡಿವಂತರು ಅದೇ ಕೆರೆಗೆ ಸಗಣಿ, ಗಂಜಳ ಸುರಿದು ಶುದ್ಧಿ ಮಾಡಿಕೊಂಡರು.

ಇಂದು ಕೆರೂರ ಸುತ್ತಲಿನ ಹೊಲಗಳಿಗೆ ಚೀಲಗಟ್ಟಲೆ ಯೂರಿಯಾ ಬೀಳುತ್ತಿದೆ. ಅದು ಇಳಿದ ನೀರಿಗೆ ಮೈಲಿಗೆ ಇಲ್ಲ. ಅದರ ಶುದ್ಧಿಗೆ ಯಾವ ಶಾಸ್ತ್ರಿಯೂ ಮಂತ್ರ ಬರೆದಿಲ್ಲ.

ಲೆಕ್ಕ ಕೇಳ್ರಿ. 45 ಕಿಲೋ ಚೀಲದಲ್ಲಿ ಸಾರಜನಕ ಸುಮಾರು 20 ಕಿಲೋ. ಬೆಳೆ ಹೀರುವುದು ಹೆಚ್ಚುಕಡಿಮೆ ಅದರ ಅರ್ಧ. ಉಳಿದದ್ದರಲ್ಲಿ ಒಂದಿಷ್ಟು ಗಾಳಿಗೆ ಹೋಗುತ್ತದೆ, ಒಂದಿಷ್ಟು ನೈಟ್ರೇಟ್ ಆಗುತ್ತದೆ. ಈ ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ಮಳೆ ಬಿದ್ದರೆ, ನೀರು ಹಾಯಿಸಿದರೆ ಅದರ ಜೊತೆಗೇ ಕೆಳಗಿಳಿದು ಬೋರು ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ವಿಷದ ಪ್ರಮಾಣ ಹೆಚ್ಚುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಸರಕಾರವೇ ಮಿತಿ ಹಾಕಿದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳ ಪೈಕಿ ನೂರಕ್ಕೆ 48 ಈ ಮಿತಿ ದಾಟಿದ್ದವು. ಬಾಟಲಿ ಹಾಲಿಗೆ ಇಂಥ ನೀರು ಬೆರೆಸಿದರೆ ಎಳೆಗೂಸಿನ ರಕ್ತ ಪ್ರಾಣವಾಯು ಹೊರಲಾರದು. ತುಟಿ, ಉಗುರು ನೀಲಿಗಟ್ಟುತ್ತವೆ. ಬಾಟಲಿ ಹಾಲು ಯಾವ ಕೂಸಿಗೆ? ತಾಯಿ ಹೊತ್ತು ಮೂಡುವ ಮುಂಚೆ ಕೂಲಿಗೆ ಹೋದ ಕೂಸಿಗೆ.

'ತಿಪ್ಪಿಯಿಂದ, ಪಾಯಖಾನಿ ಗುಂಡಿಯಿಂದಾನೂ ನೈಟ್ರೇಟ್ ಬರ್ತೈತ್ರೀ, ಬರೇ ಗೊಬ್ಬರಕ್ಕ ಯಾಕ ಬೈತೀರಿ?' ಎಂದು ಸಾಹೇಬರು ಕೇಳುತ್ತಾರೆ. ಬರುತ್ತದೆ, ಒಪ್ಪೋಣ. ಆದರೆ ಊರ ಗಟಾರ, ಊರ ತಿಪ್ಪೆ ಎಲ್ಲವನ್ನೂ ನಮ್ಮ ಕೇರಿಯ ಅಂಚಿಗೇ ತಂದು ನಿಲ್ಲಿಸಿದವರು ಯಾರು ಸ್ವಾಮಿ?

ಸಣ್ಣ ರೈತನ ಮೇಲೆ ನನಗೆ ಸಿಟ್ಟಿಲ್ಲ. 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರದ ದರವನ್ನು ಕಂಪನಿಗಳ ಕೈಗೆ ಬಿಟ್ಟ ಸರಕಾರ ಯೂರಿಯಾ ದರವನ್ನು ಮಾತ್ರ ಹಿಡಿದಿಟ್ಟಿತು. ಅಗ್ಗದ್ದನ್ನೇ ಅವನು ಸುರಿದ. ತಿಪ್ಪೆಗೊಬ್ಬರಕ್ಕೆ ಅವನ ಕೊಟ್ಟಿಗೆಯಲ್ಲಿ ದನಗಳಾದರೂ ಎಲ್ಲಿ ಉಳಿದಿವೆ? ಅವನು ಕುಡಿಯುವುದೂ ಅದೇ ಬೋರಿನ ನೀರು. ನೂರಾರು ಎಕರೆಗೆ ಸುರಿಸಿ, ತನ್ನ ಮನೆಯಲ್ಲಿ ಫಿಲ್ಟರ್ ಕೂರಿಸಿಕೊಂಡು, ಕೂಲಿಯವಳನ್ನು ನಾಣ್ಯ ಹಾಕುವ ನೀರಿನ ಯಂತ್ರದ ಮುಂದೆ ಪಾಳಿ ನಿಲ್ಲಿಸಿದವನ ಬಗ್ಗೆ ನನ್ನ ತಕರಾರು. ಅವನ ಬೆಳೆಗೆ ಎಣ್ಣಿ ಹೊಡೆಯಲು ಪಂಪು ಬೆನ್ನಿಗೇರಿಸಿದವ ನಮ್ಮವ. ಸಂಜೆ ಅದನ್ನು ಹಳ್ಳದಲ್ಲಿ ತೊಳೆಯುವವನೂ ನಮ್ಮವ. ಬ್ಯಾಸಿಗ್ಯಾಗ ಅದೇ ಹಳ್ಳದಾಗ ವರತಿ ತೋಡಿ ನೀರು ತುಂಬಾಕಿ ನಮ್ಮವ್ವ.

2019ರಲ್ಲಿ ಜಲಜೀವನ ಯೋಜನೆ ಬಂದಾಗ ಹಳ್ಳಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುತ್ತೇವೆ, ಪೆಟ್ಟಿಗೆ ಕೊಡುತ್ತೇವೆ ಎಂದರು. ಆ ಪೆಟ್ಟಿಗೆ ಯಾವ ಕಪಾಟಿನಲ್ಲಿದೆ? ಪಂಚಾಯತಿಗೆ ಹೋಗಿ ಕೇಳ್ರಿ. ಸಾಲಿ ಮಾಸ್ತರರೇ, ನಿಮ್ಮ ಏಳನೇ ಇಯತ್ತೆಯ ಹುಡುಗರಿಂದ ಕೇರಿಯ ಬೋರಿನ ನೀರು ತರಿಸ್ರಿ. ಬಂದ ಅಂಕಿಯನ್ನು ಚಾವಡಿಯ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸ್ರಿ. ಗೌಡರ ಮನೆಯ ಫಿಲ್ಟರ್ ನೀರಿನ ಅಂಕಿ ಅದರ ಪಕ್ಕದಲ್ಲೇ ಇರಲಿ.